ತಪ್ಪು ವೇಳೆ ಬರೆದ ಲಾಗ್

ಹೋದ ವಾರ ಪುಣೆಯ ಕೋಥರೂಡದ ಮನೆಯಲ್ಲಿ ಕಪಾಟು ಖಾಲಿ ಮಾಡುವಾಗ, ಎರಡೂ ಅಂಚಿಗೆ ತೂತುಗಳಿದ್ದ ಹಳೆಯ ಪ್ರಿಂಟರ್ ಕಾಗದದ ಮಡಿಕೆಯೊಂದು ಸಿಕ್ಕಿತು. ಅಕ್ಷರಗಳು ಮಾಸಿದ್ದವು. ಪಕ್ಕದ ಹಸಿರು ಪೆನ್ಸಿಲ್ ಗುರುತುಗಳು ಮಾತ್ರ ಹಾಗೇ ಇದ್ದವು... ಅಕ್ಕ ಹಾಕಿದ ಗುರುತುಗಳು.

ಊರಂಚಿನ ಹಿಂಜವಾಡಿಯಲ್ಲಿ ಆಫೀಸುಗಳು ಆಗಷ್ಟೇ ಏಳುತ್ತಿದ್ದ ಕಾಲ. ಅವರು ಧಾರವಾಡದವರು, ನಮ್ಮ ತಂಡದ ಹಿರಿಯರು. ಎಲ್ಲರಿಗೂ ಮ್ಯಾಡಮ್, ಹುಬ್ಬಳ್ಳಿಯವನಾದ ನನಗೆ ಅಕ್ಕ. ನಾವು ಮಾಡುತ್ತಿದ್ದುದು ಲಾಗ್ ಸಾಫ್ಟ್‌ವೇರ್. ಕಂಪ್ಯೂಟರಿನಲ್ಲಿ ಯಾವಾಗ ಏನಾಯಿತೆಂದು ಅದು ವೇಳೆ ಸಹಿತ ಸಾಲು ಸಾಲಾಗಿ ಬರೆದಿಡುತ್ತಿತ್ತು. ಅದನ್ನು ಮೊದಲು ಬರೆದವರು ಅಕ್ಕನೇ.

ಒಂದು ದಿನ ಗಿರಾಕಿಯ ಸರ್ವರ್ ನಿಂತುಹೋಯಿತು. ಲಾಗ್ ನೋಡಿದರೆ, ನಾನು ಕೊಟ್ಟ ಆದೇಶ ಮೊದಲು, ಸರ್ವರ್ ನಿಂತದ್ದು ಆಮೇಲೆ. ನಿಂತದ್ದನ್ನು ನೋಡಿಯೇ ನಾನು ಕೈ ಹಾಕಿದ್ದೆ. ಯಾರೂ ನಂಬಲಿಲ್ಲ. ಶುಕ್ರವಾರದೊಳಗೆ ರಾಜೀನಾಮೆ ಕೊಡು ಎಂದರು ಮ್ಯಾನೇಜರ್.

“ಖರೇ ಹೇಳ್ತೀಯೇನು?” ಅಕ್ಕ ಕೇಳಿದರು.

“ಖರೇ ರೀ ಅಕ್ಕಾ. ನಾ ಮುಟ್ಟೂದರಾಗ ಅದು ನಿಂತಿತ್ತು.”

“ಹಂಗಾದ್ರ ಲಾಗ್‌ನಾಗ ಏನೋ ತಪ್ಪದ. ನೋಡೋಣು.”

ಇಡೀ ಲಾಗ್ ಮುದ್ರಿಸಿಕೊಂಡು, ಮೂರು ದಿನ ಒಂದೊಂದೇ ಸಾಲಿಗೆ ಗುರುತು ಹಾಕುತ್ತ ಕೂತರು. ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚುತ್ತಿದ್ದರು. ಶುಕ್ರವಾರ ಮಧ್ಯಾಹ್ನ ನನ್ನನ್ನು ಕರೆದುಕೊಂಡು ಮ್ಯಾನೇಜರರ ಕೋಣೆಗೆ ನಡೆದರು. ಯಂತ್ರಕ್ಕೆ ಕೆಲಸ ಹೆಚ್ಚಾದಾಗ ಕೆಲವು ಸಾಲುಗಳು ಸರದಿಯಲ್ಲಿ ಕಾಯುತ್ತಿದ್ದವು. ಅವುಗಳಿಗೆ ಘಟನೆ ನಡೆದ ವೇಳೆಯ ಬದಲು, ಬರೆದ ವೇಳೆ ಬೀಳುತ್ತಿತ್ತು. ಸರ್ವರ್ ನಿಂತ ಸಾಲಿಗೂ ಹಾಗೇ ಆಗಿತ್ತು. ಅದನ್ನು ಅಲ್ಲೇ ನಡೆಸಿ ತೋರಿಸಿದರು.

“ಈ ಭಾಗ ಬರೆದದ್ದು ಯಾರು?” ಮ್ಯಾನೇಜರ್ ಕೇಳಿದರು.

ಬರೆದವರ ಹೆಸರು ಅಲ್ಲಿರಲಿಲ್ಲ. ಅಕ್ಕ ಸುಮ್ಮನಿದ್ದರೂ ನಡೆಯುತ್ತಿತ್ತು.

“ಚೂಕ್ ಮಾಝೀ ಆಹೆ,” ಎಂದರು ಮರಾಠಿಯಲ್ಲೇ. ತಪ್ಪು ನನ್ನದು.

ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಕ್ಷಮೆ ಕೇಳಲು ಹೋದೆ. “ನಿಂದೇನದ ಇದರಾಗ? ಬಾ, ಸರಿಮಾಡೂದು ಭಾಳ ಅದ,” ಎಂದು ಪಕ್ಕದ ಕುರ್ಚಿ ಎಳೆದರು. ದೋಷ ತಿದ್ದಿದ ಹೊಸ ಆವೃತ್ತಿಯನ್ನು ಇಬ್ಬರೂ ಕೂತು ಮುಗಿಸಿದೆವು. ನಾನು ಕೆಲಸ ಕಲಿತದ್ದು ಆ ಕುರ್ಚಿಯಲ್ಲಿ...

ನಿವೃತ್ತರಾಗಿ ಅವರು ಧಾರವಾಡಕ್ಕೆ ಮರಳಿದರು. ಹೋಗಿ ಕಾಣಬೇಕೆಂದು ಪ್ರತಿ ದೀಪಾವಳಿಗೆ ಅಂದುಕೊಳ್ಳುತ್ತಿದ್ದೆ, ಹೋಗಲಿಲ್ಲ. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು.

ಈಗ ಖರಾಡಿಯಲ್ಲಿ ನನ್ನದೇ ತಂಡವಿದೆ. ನನ್ನ ತಪ್ಪುಗಳನ್ನು ನನ್ನವೆಂದೇ ಹೇಳಿಕೊಂಡು ಬಂದಿದ್ದೇನೆ, ಒಂದರ ಹೊರತು. ಹೋಗದೆ ಉಳಿದ ಆ ತಪ್ಪನ್ನು ಅಕ್ಕನ ಮುಂದೆ ಹೇಳಬಹುದಿತ್ತು. ಬೇರೆ ಯಾರ ಮುಂದೆಯೂ ಬಾಯಿ ಬರುವುದಿಲ್ಲ.