ಸೀರೆ ಬೀರುವಿನಿಂದ ಅಮೆರಿಕಕ್ಕೆ

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೂ ಬರೆಯದೆ ಇರಲಾರೆ, ಸಂತೋಷ ಕೂತಲ್ಲಿ ಕೂರಲು ಬಿಡುತ್ತಿಲ್ಲ. ನನ್ನ ಮೊಮ್ಮಗಳು ಅಮೆರಿಕದ ರೇಡಿಯೋದಲ್ಲಿ ಮಾತಾಡಿದಳು. ಅದೂ ಎಲ್ಲಿಂದ? ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ನಮ್ಮ ಫ್ಲ್ಯಾಟಿನ ಸೀರೆ ಬೀರುವಿನಿಂದ!

ಸ್ಟುಡಿಯೋ ಇಲ್ಲದ ರೇಡಿಯೋದವರು ಬಟ್ಟೆಗಳ ನಡುವೆ ಕೂತು ಮಾತಾಡುತ್ತಾರಂತೆ. ಬರೀ ಗೋಡೆ ಧ್ವನಿಯನ್ನು ವಾಪಸ್ ಎಸೆಯುತ್ತದೆ, ಬಟ್ಟೆ ನುಂಗಿಕೊಳ್ಳುತ್ತದೆ. ಅದಕ್ಕೇ ಅವಳು ನನ್ನ ದೊಡ್ಡ ಗೋಡೆ ಬೀರುವಿನೊಳಗೆ ಸ್ಟೂಲ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಅಮೆರಿಕದಲ್ಲಿ ಪುಟ್ಟ ಊರಿನ ಸ್ಟೇಷನ್ನಿನಲ್ಲಿ ಮಳೆ ಬಿಸಿಲಿನ ಸುದ್ದಿ ಓದುತ್ತ ಶುರುಮಾಡಿದವರು ಕೊನೆಗೆ ದೇಶಕ್ಕೆಲ್ಲ ಬೇಕಾದವರಾದ ಕಥೆಗಳನ್ನು ನನಗೆ ಹೇಳುತ್ತಿದ್ದಳು. ಕಡೆಗೊಮ್ಮೆ ಅಲ್ಲಿಯ ಒಂದು ರೇಡಿಯೋದವರು, ನೈರೋಬಿಯಿಂದ ಒಂದು ವರದಿ ನೇರವಾಗಿ ಹೇಳು, ಹಿಡಿಸಿದರೆ ಕೆಲಸ ಕೊಡುತ್ತೇವೆ ಎಂದರು. ನಮಗೆ ಸಂಜೆ ನಾಲ್ಕು, ಅವರಿಗೆ ಬೆಳಗಿನ ಹೊತ್ತು.

ಆ ದಿನವೇ ನಾನೊಂದು ಘನಕಾರ್ಯ ಮಾಡಿದೆ. ಎಷ್ಟೋ ದಿನದ ಮಳೆ ಬಿಟ್ಟು ಬಿಸಿಲು ಬಂದಿತ್ತು. ಮಗು ಆ ಮುಗ್ಗಲು ವಾಸನೆಯಲ್ಲಿ ಕೂತು ಮಾತಾಡಬೇಕೇ ಎಂದುಕೊಂಡು ಸೀರೆ, ಕಂಬಳಿಗಳನ್ನೆಲ್ಲ ತಾರಸಿಯಲ್ಲಿ ಹರವಿ ಬಂದೆ. ಬೀರು ಒರೆಸಿ ಊದುಬತ್ತಿ ಹಚ್ಚಿದೆ.

ಮೂರೂವರೆಗೆ ಅವಳು ಬಾಗಿಲು ತೆಗೆದು ಕಿರುಚಿದಳು. "ಅಜ್ಜೀ! ವೇರ್ ಆರ್ ಯುವರ್ ಸ್ಯಾರೀಸ್?"

"ಬಿಸಿಲಿಗೆ ಹಾಕಿದೀನಿ ಕಣೇ. ಈಗ ನೋಡು, ಹೇಗೆ ಘಮ್ ಅಂತಿದೆ!"

"ಇಟ್ ಸೌಂಡ್ಸ್ ಲೈಕ್ ಎ ಬಾತ್‌ರೂಮ್!" ಅವಳ ಕಣ್ಣು ತುಂಬಿತು.

ಮಂಡಿನೋವು ಮರೆತು ಮೆಟ್ಟಿಲು ಹತ್ತಿದೆ. ಇಬ್ಬರೂ ತೋಳು ತುಂಬ ಬಾಚಿ ತಂದೆವು. ನೇತುಹಾಕಲು ಸಮಯವಿರಲಿಲ್ಲ. ಅವಳ ಸುತ್ತ ಸೀರೆ ಪೇರಿಸಿ, ದಪ್ಪ ಕಂಬಳಿಯನ್ನು ನಾನೇ ಎತ್ತಿ ಹಿಡಿದು ಅವಳ ಬೆನ್ನ ಹಿಂದೆ ನಿಂತೆ.

"ಅಜ್ಜಿ, ಬ್ಯಾಂಗಲ್ಸ್!"

"ಬಳೆ ತೆಗೆಯಲ್ಲಮ್ಮ. ನಿಮ್ಮ ತಾತ ಗುಂಡುಕಲ್ಲಿನ ಹಾಗೆ ಹೊರಗೆ ಕೂತಿದಾರೆ." ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ, ಎರಡು ಕೈಗೂ ಕರವಸ್ತ್ರ ಬಿಗಿಸಿಕೊಂಡೆ.

"ಆಂಡ್ ಡೋಂಟ್ ಬ್ರೀದ್ ಸೋ ಲೌಡ್!"

"ಉಸಿರೂ ಬಿಡಬೇಡ ಅಂದ್ರೆ, ನಿನಗೆ ಕೆಲಸ ಸಿಕ್ಕಿದ್ದು ನೋಡೋರು ಯಾರೇ?"

ಅವಳು ಕಿಸಕ್ಕನೆ ನಕ್ಕಳು. ಆ ನಗು ಗಂಟಲಲ್ಲಿ ಇರುವಾಗಲೇ ಮಾತು ಶುರುವಾಯಿತು.

ಇಲ್ಲಿ ಮಟಾಟು ಎನ್ನುವ ಬಾಡಿಗೆ ಬಸ್ಸುಗಳಿಗೆ ಚಿತ್ರ ಬರೆಯುವವರ ಸುದ್ದಿ ಅದು. ಅವಳ ಇಂಗ್ಲಿಷು ನನಗೆ ಅಲ್ಲಲ್ಲಿ ಅರ್ಥವಾಯಿತು, ಅಲ್ಲಲ್ಲಿ ಇಲ್ಲ. ಬಿಸಿಲು ಕುಡಿದ ರೇಷ್ಮೆಯ ಶಾಖ, ಅರೆಗತ್ತಲು, ಅವಳ ಮೆಲುದನಿ. ತೂಕಡಿಕೆಯಲ್ಲಿ ತೇಲಿದಂತಾಯಿತು. ನನ್ನ ಧಾರೆ ಸೀರೆಯ ಪಕ್ಕದಿಂದ ಹೊರಟ ಮಾತು ಸಮುದ್ರದ ಮೇಲೆ ಹೋಗುತ್ತಿದೆ. ಅಲ್ಲಿ ಯಾವಳೋ ಹೆಂಗಸು ಕಾರು ಓಡಿಸುತ್ತ ಕೇಳುತ್ತಿದ್ದಾಳೆ. ಅವಳ ಕಾರಿನೊಳಗೂ ಊದುಬತ್ತಿಯ ಘಮ ಸುಳಿಯುತ್ತಿದೆ. ಕೈ ಸೋತದ್ದೂ ಗೊತ್ತಾಗಲಿಲ್ಲ.

ಮುಗಿಯಿತು. ಅವಳು ಕಿವಿಯ ಹೆಡ್‌ಫೋನನ್ನು ಒತ್ತಿ ಹಿಡಿದು ಆಲಿಸಿದಳು. ಆ ಕಡೆಯವರು ಏನೋ ಕೇಳಿರಬೇಕು. ತಿರುಗಿ ನನ್ನನ್ನು ನೋಡಿ ಹೇಳಿದಳು: "ಮೈ ಗ್ರ್ಯಾಂಡ್‌ಮದರ್ಸ್ ಸ್ಟುಡಿಯೋ."

ಆ ಇಂಗ್ಲಿಷು ಮಾತ್ರ ನನಗೆ ಪೂರಾ ತಿಳಿಯಿತು.

ಸೋಮವಾರದಿಂದ ಕೆಲಸಕ್ಕೆ ಸೇರು ಎಂದರಂತೆ. "ಅಜ್ಜಿ, ಯು ಕ್ಯಾನ್ ಪುಟ್ ಇಟ್ ಡೌನ್ ನೌ," ಎಂದಳು. ಬೆರಳು ಬಿಡಿಸಲು ಬರಲಿಲ್ಲ. ಕಂಬಳಿ ಸಮೇತ ಅವಳನ್ನು ತಬ್ಬಿಕೊಂಡೆ.