ಮುಖಪುಟವಿಲ್ಲದ ಪುಸ್ತಕದ ಕಾಕಾ

ಮೊನ್ನೆ ಟ್ರಂಕಿನ ತಳದಿಂದ ಒಂದು ಪುಸ್ತಕ ಹೊರತೆಗೆದೆ. ಮಕ್ಕಳ ಪಾಠಪುಸ್ತಕಕ್ಕೆ ಹಾಕುತ್ತಾರಲ್ಲ, ಅಂಥ ಕಂದು ಕಾಗದದ ಹೊದಿಕೆ. ತೆರೆದ ಕೂಡಲೇ ಮೂಗಿಗೆ ಬಡಿದದ್ದು ಹಳೆಯ ಅಗ್ಗದ ಕಾಗದದ ವಾಸನೆ, ಜೊತೆಗೆ ಸ್ವಲ್ಪ ನುಸಿಗುಳಿಗೆ, ಸ್ವಲ್ಪ ನಶ್ಯ. ನಶ್ಯದ ವಾಸನೆ ನಿಜಕ್ಕೂ ಉಳಿದಿತ್ತೋ ನನ್ನ ತಲೆಯಲ್ಲೇ ಇತ್ತೋ... ಕಾಕಾ ಮಾತ್ರ ಕಣ್ಣೆದುರು ಬಂದು ಕೂತರು. ಪುಸ್ತಕ ತೆಗೆಯಲು ಕಾರಣವಿತ್ತು, ಅದನ್ನು ಆಮೇಲೆ ಹೇಳುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಧಾರವಾಡದಿಂದ ದೋಹಾಕ್ಕೆ ಬಂದ ಹೊಸತು. ಬಿನ್ ಒಮ್ರಾನ್‌ನ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಾವು, ನೆಲಮಹಡಿಯ ಒಂಟಿ ಕೋಣೆಯಲ್ಲಿ ಕಾಕಾ. ಗದಗಿನ ಕಡೆಯವರು. ನಮಗಿಂತ ಎಷ್ಟೋ ಮೊದಲೇ ಬಂದವರು. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಟೈಮ್‌ಕೀಪರ್. ಕೆಲಸಗಾರರು ಬಂದ ಹೊತ್ತು, ಹೋದ ಹೊತ್ತು ಬರೆದಿಡುವುದು ಅವರ ಕೆಲಸ. ಹೆಂಡತಿ, ಮಕ್ಕಳು ಊರಲ್ಲೇ ಇದ್ದರು. ನಮ್ಮವರಿಗೆ ಊರ ಮಾತಾಡಲು ಒಬ್ಬರು ಸಿಕ್ಕರು, ನನಗೆ ರೊಟ್ಟಿ ಬಡಿದು ಹಾಕಲು ಒಂದು ಬಾಯಿ ಹೆಚ್ಚಾಯಿತು.

ಶುಕ್ರವಾರ ರಜೆ. ಅವತ್ತು ಮಧ್ಯಾಹ್ನ ನಮ್ಮ ಕಡೆಯ ನಾಲ್ಕಾರು ಕುಟುಂಬಗಳು ನಮ್ಮ ಮನೆಯಲ್ಲಿ ಸೇರುತ್ತಿದ್ದವು. ಊಟವಾದ ಮೇಲೆ ಗಂಡಸರು ಆಫೀಸಿನ ಪುರಾಣ ಬಿಚ್ಚಿದರೆ, ಕಾಕಾ ಮಕ್ಕಳನ್ನು ಕರೆದು ದೆವ್ವದ ಕಥೆ ಶುರು ಮಾಡುತ್ತಿದ್ದರು. ಇಂಗ್ಲಿಷ್ ಶಾಲೆಗೆ ಹೋಗುವ ಆ ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ಬಾಯಿ ತೆರೆದು ಕೂತಿರುತ್ತಿದ್ದವು.

"ನಮ್ಮ ಊರಾಗ ದೆವ್ವ ಹುಣಸಿ ಗಿಡಕ್ಕ ಜೋತು ಬೀಳತಾವು. ಇಲ್ಲಿ ಗಿಡ ಎಲ್ಲಿ ಅದಾವು? ಅದಕ್ಕ ಪಾಪ, ಎಸಿ ಡಬ್ಬ್ಯಾಗ ಕೂಡತಾವು. ಆ ಗುರ್ ಗುರ್ ಸಪ್ಪಳ ಮಷೀನಿಂದಲ್ಲ."

ಮುಂದಿನ ವಾರ ಒಬ್ಬ ತಾಯಿ ಜಗಳಕ್ಕೇ ಬಂದಳು. "ಕಾಕಾ, ನಮ್ಮ ಹುಡುಗ ಎಸಿ ಹಾಕಾಕ ಬಿಡವಲ್ಲ. ಈ ಸೆಕಿಯೊಳಗ ನಾವು ಬೆಂದು ಹೋಗೂದೇನ್ರಿ?" ಕಾಕಾ ಅವತ್ತೇ ಆ ದೆವ್ವದ ವೀಸಾ ಮುಗಿಸಿದರು. "ಖಲಾಸ್, ಊರಿಗೆ ಕಳಿಸಿಬಿಟ್ರು," ಅಂದರು. ಆ ಹುಡುಗ ಅಳುವುದೊಂದು ಬಾಕಿ. ದೆವ್ವ ಹೋದದ್ದಕ್ಕೆ ಬೇಜಾರು ಅವನಿಗೆ.

ಇಷ್ಟು ಚೆನ್ನಾಗಿ ಹೇಳಲು ಎಲ್ಲಿ ಕಲಿತಿರಿ ಎಂದು ನಾನು ಕೇಳಿದಾಗ, ಕಾಕಾ ನಶ್ಯದ ಡಬ್ಬಿ ಮುಚ್ಚಿ ಮೆಲ್ಲಗೆ ಹೇಳಿದರು. "ಇದ ನನ್ನ ಕಸಬು ಇತ್ತು, ತಂಗಿ."

ದೋಹಾಕ್ಕೆ ಬರುವ ಮೊದಲು ಅವರು ಪಾಕೆಟ್ ಕಾದಂಬರಿ ಬರೆಯುತ್ತಿದ್ದರು. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಹಗ್ಗಕ್ಕೆ ನೇತುಬಿದ್ದಿರುತ್ತಿದ್ದವಲ್ಲ, ಮಾಟ, ಮಂತ್ರ, ಪಿಶಾಚಿ, ಅವು. ಬರೆಯುವ ಕ್ರಮವೂ ತಿರುವು ಮುರುವು. ಮೊದಲು ಮುಖಪುಟ, ಆಮೇಲೆ ಕಥೆ. ಪ್ರಕಾಶಕರು ಸಿನಿಮಾ ಬೋರ್ಡು ಬರೆಯುವ ಪೇಂಟರ್‌ನಿಂದ ವರ್ಷಕ್ಕಾಗುವಷ್ಟು ಚಿತ್ರ ಬರೆಸಿ ಇಟ್ಟುಕೊಂಡು, ತಿಂಗಳಿಗೊಂದನ್ನು ಕೈಗೆ ಕೊಡುತ್ತಿದ್ದರಂತೆ. ಚಿತ್ರದಲ್ಲಿ ಬಾವಿ ಇದ್ದರೆ ಕಥೆಯಲ್ಲೂ ಬಾವಿ, ಗೂಬೆ ಇದ್ದರೆ ಗೂಬೆ. ಒಮ್ಮೆ ಪೇಂಟರ್ ಅವಸರದಲ್ಲಿ ಮಂತ್ರವಾದಿಯ ಕೈಗೆ ಒಂದು ಬೆರಳು ಹೆಚ್ಚು ಬರೆದುಬಿಟ್ಟ. ಆ ಒಂದು ಬೆರಳಿಗಾಗಿ ಕಾಕಾ ಇಡೀ ಕಾದಂಬರಿ ಹೊಸೆದರು.

"ಆರನೇ ಬೆರಳಿನ ಮಂತ್ರವಾದಿ ಏನ್ರಿ ಕಾಕಾ?" ಅಂದೆ. ಹೈಸ್ಕೂಲಿನಲ್ಲಿ ಅದನ್ನು ಭೂಗೋಳದ ಪುಸ್ತಕದೊಳಗೆ ಬಚ್ಚಿಟ್ಟು ಓದಿ, ವಾರಗಟ್ಟಲೆ ಒಬ್ಬಳೇ ಹಿತ್ತಲಿಗೆ ಹೋಗಲು ಹೆದರಿದವಳು ನಾನು. ಕಾಕಾ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. "ನೀ ಹೆದರಿದ್ದೇನು, ಖರೇನ?" ಎಂದು ಎರಡು ಸಲ ಕೇಳಿದರು.

ಆದರೆ ಯಾವ ಪುಸ್ತಕದ ಮೇಲೂ ಅವರ ಹೆಸರಿರಲಿಲ್ಲ. ಪ್ರಕಾಶಕರು ತಮ್ಮ ಮನೆದೇವರ ಹೆಸರಿಟ್ಟು ಒಬ್ಬ ಲೇಖಕನನ್ನು ಹುಟ್ಟಿಸಿದ್ದರು. ಮೂರು ನಾಲ್ಕು ಮಂದಿ ಬರೆದದ್ದೆಲ್ಲ ಆ ಇಲ್ಲದ ಲೇಖಕನದೇ. ಕಾಕಾಗೆ ಅದು ಒಳಗೊಳಗೇ ಕೊರೆಯುತ್ತಿತ್ತು. ಕಡೆಗೆ ಒಮ್ಮೆ ಯಾವ ಚಿತ್ರವನ್ನೂ ನೋಡದೆ ತಮ್ಮ ಮನಸ್ಸಿನಿಂದಲೇ ಒಂದು ಕಾದಂಬರಿ ಬರೆದರು, 'ಮೂಳೆಗಳ ಮದುವೆ'. ಬದುಕಿದ್ದಾಗ ಕೂಡಲಾಗದ ಇಬ್ಬರಿಗೆ, ಅವರು ಸತ್ತ ಮೇಲೆ, ಸ್ಮಶಾನ ಕಾಯುವ ಮುದುಕ ಮದುವೆ ಮಾಡಿಸುವ ಕಥೆ. ಇದನ್ನು ನಿನ್ನ ಹೆಸರಿನಲ್ಲೇ ಹಾಕುತ್ತೇನೆ ಎಂದು ಪ್ರಕಾಶಕರು ಮಾತು ಕೊಟ್ಟರು. ಅಷ್ಟರಲ್ಲಿ ಕಾಕಾಗೆ ಕತಾರಿನ ವೀಸಾ ಬಂತು. ಪುಸ್ತಕ ಅಚ್ಚಾದದ್ದು ಗೊತ್ತಾಯಿತು, ಕೈಗೆ ಸಿಗಲಿಲ್ಲ. ರಜೆಗೆ ಊರಿಗೆ ಹೋಗುವಷ್ಟರಲ್ಲಿ ಪ್ರಕಾಶಕರು ತೀರಿಕೊಂಡಿದ್ದರು, ಅಂಗಡಿಗೆ ಬೀಗ ಬಿದ್ದಿತ್ತು. ಹೆಂಡತಿಗೋ ದೆವ್ವದ ಪುಸ್ತಕ ಮನೆಯಲ್ಲಿದ್ದರೆ ಆಗದು.

"ನನ್ನ ಹೆಸರು ಹಾಕಿದ್ನೋ ಇಲ್ಲೋ, ಅಷ್ಟು ಗೊತ್ತಾದ್ರ ಸಾಕಾಗಿತ್ತು," ಅನ್ನುತ್ತಿದ್ದರು ಕಾಕಾ. ಯಾರು ರಜೆಗೆ ಹೊರಟರೂ ಅವರಿಗೆ ಹೇಳಿ ಕಳಿಸುವುದು ಅದೊಂದೇ. ಬೇರೆಯವರು ಚಟ್ನಿಪುಡಿ ತರಿಸಿಕೊಂಡರೆ ಕಾಕಾ 'ಮೂಳೆಗಳ ಮದುವೆ' ಕೇಳುತ್ತಿದ್ದರು.

ಆ ವರ್ಷ ನಮ್ಮವರು ರಜೆಗೆ ಹೋದಾಗ ಅದು ಸಿಕ್ಕೇಬಿಟ್ಟಿತು, ಹುಬ್ಬಳ್ಳಿಯ ರಸ್ತೆಬದಿಯ ಹಳೆ ಪುಸ್ತಕದ ರಾಶಿಯಲ್ಲಿ. ತಲೆಬರಹ ನೋಡಿದ್ದೇ ಕೊಂಡು ಚೀಲಕ್ಕೆ ಹಾಕಿದ್ದಾರೆ. ಮುಂಬಯಿಯಲ್ಲಿ ವಿಮಾನ ಹತ್ತುವ ಮುಂಚೆ ಜೊತೆಯವನೊಬ್ಬ ಅದನ್ನು ನೋಡಿ ಹೆದರಿಸಿದ. ಮುಖಪುಟದ ಮೇಲೆ ಅಸ್ಥಿಪಂಜರ, ಭುಜದ ಸೆರಗು ಜಾರಿದ ಹೆಂಗಸು. ದೋಹಾದ ಕಸ್ಟಮ್ಸ್‌ನವರು ಹಿಡಿದರೆ ಪುಸ್ತಕವೂ ಹೋಯಿತು, ಮಾಟದ ಪುಸ್ತಕ ತಂದವನೆಂದು ನಿನ್ನ ಕೆಲಸವೂ ಹೋಯಿತು ಎಂದ. ಆಗ ಊರಿಂದ ಬರುವವರೆಲ್ಲ ಪತ್ರಿಕೆಗಳ ಮುಖಪುಟ ಕಿತ್ತು ತರುತ್ತಿದ್ದದ್ದು ಹೌದು. ನಮ್ಮವರೂ ಹಾಗೇ ಮಾಡಿದರು. ಒಳಗಿನ ಮೊದಲ ಹಾಳೆಯಲ್ಲೂ ತಲೆಬುರುಡೆ ಇದ್ದದ್ದರಿಂದ ಅದನ್ನೂ ಕಿತ್ತು, ಕಂದು ಕಾಗದ ಸುತ್ತಿ ತಂದರು. ದೋಹಾದಲ್ಲಿ ಕಸ್ಟಮ್ಸ್‌ನವರು ಪುಸ್ತಕದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೆದಕಿ ಕೆದಕಿ ನೋಡಿದ್ದು ನನ್ನತ್ತೆ ಕಳಿಸಿದ ಜೋಳದ ಹಿಟ್ಟನ್ನು.

ಕಾಕಾ ಪುಸ್ತಕ ತೆರೆದು ಮೊದಲ ಸಾಲು ಓದಿದರು. ಎದೆಗೆ ಒತ್ತಿಕೊಂಡರು. ಆಮೇಲೆ ಹೊದಿಕೆ ಬಿಚ್ಚಿದರು.

"ತಮ್ಮಾ, ಮುಖಪುಟ ಎಲ್ಲಿ?"

ನಮ್ಮವರು ತಡವರಿಸುತ್ತ ನಡೆದದ್ದನ್ನು ಹೇಳಿದರು. ಕಾಕಾ ಬೈಯಲಿಲ್ಲ. ಖಾಲಿ ಬೆನ್ನಿನ ಮೇಲೆ ಉಳಿದ ಅಂಟನ್ನು ಬೆರಳಿನಿಂದ ಸವರುತ್ತ, "ಹೆಸರು ಯಾರದಿತ್ತು?" ಅಂದರು.

ನಮ್ಮವರು ಒಮ್ಮೆ ನನ್ನ ಮುಖ ನೋಡಿದರು. "ನಿಮ್ಮದ ಇತ್ರಿ ಕಾಕಾ. ಕೆಂಪು ಅಕ್ಷರದಾಗ."

ಅಡುಗೆಮನೆಗೆ ಬಂದು ನನ್ನ ಹತ್ತಿರ ಪಿಸುಗುಟ್ಟಿದರು, ಕಿತ್ತುಹಾಕುವ ಗಾಬರಿಯಲ್ಲಿ ಹೆಸರಿನ ಕಡೆ ನೋಡಿಯೇ ಇಲ್ಲವೆಂದು. ನನಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಹೊರಗೆ ಇಣುಕಿದರೆ ಕಾಕಾ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೇಗೆ ಹೋಗಿ ಸುಳ್ಳು ಅನ್ನಲಿ...

ಅಲ್ಲಿಂದ ಶುಕ್ರವಾರದ ಕಥೆ ಬದಲಾಯಿತು. ಹೊಸಬರು ಯಾರೇ ಬಂದರೂ ಕಾಕಾ, "ತಮ್ಮಾ, ಆ ಮುಖಪುಟದ್ದೊಂದೀಟು ಹೇಳು," ಅನ್ನುವರು. ನಮ್ಮವರು ಶುರು ಮಾಡುವರು. ಒಂದು ವಾರ ಮೂಲೆಯಲ್ಲಿ ಗೂಬೆ ಕೂತಿತು, ಇನ್ನೊಂದು ವಾರ ಹಿಂದೆ ಹುಣಸೆ ಮರ ಬೆಳೆಯಿತು, ಮೇಲೆ ಚಂದ್ರ ಮೂಡಿದ. ಕೆಂಪು ಹೆಸರೂ ವಾರ ವಾರ ದಪ್ಪಗಾಗುತ್ತ ಹೋಯಿತು. "ಗೂಬಿ ಎಡಕ್ಕಿತ್ತೋ ಬಲಕ್ಕೋ?" ಎಂದು ಕಾಕಾ ನಡುವೆ ಕೇಳುತ್ತಿದ್ದರು. ಟೈಮ್‌ಕೀಪರ್ ಆಗಿದ್ದವರು ಎಲ್ಲರ ಬಾಯಲ್ಲಿ ಲೇಖಕರಾದರು. ಇಸ್ತ್ರಿಯ ಅಂಗಿ ಹಾಕಿಕೊಂಡು ಬರತೊಡಗಿದರು. ನನಗೆ ಅದನ್ನು ನೋಡುವುದೇ ಒಂದು ಸಂತೋಷವಾಗಿತ್ತು.

ದಶಕ ಮುಗಿಯುವ ಹೊತ್ತಿಗೆ ಕಾಕಾ ನಿವೃತ್ತರಾಗಿ ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಆ ಪುಸ್ತಕವನ್ನು ನನ್ನ ಕೈಗಿಟ್ಟರು. "ನಮ್ಮ ಮನ್ಯಾಗ ಇದನ್ನ ಇಡಗೊಡೂದಿಲ್ಲ, ತಂಗಿ. ನಿನ್ನ ಹತ್ರ ಇರಲಿ." ಆಮೇಲೆ ನಮ್ಮವರ ಹೆಗಲ ಮೇಲೆ ಕೈಹಾಕಿದರು.

"ಮುಖಪುಟ ನೋಡಿ ಕಥಿ ಬರದಾಂವ ನಾನು. ಮುಖಪುಟ ಇಲ್ಲದನ ಕಥಿ ಕಟ್ಟಿದಾಂವ ನೀನು. ನೀನ ಶಾಣ್ಯಾ."

ನಾವು ನಕ್ಕೆವು. ನಮ್ಮವರ ನಗು ಮಾತ್ರ ಅರ್ಧಕ್ಕೇ ನಿಂತಿತು. ಕಾಕಾಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ವಾರ ವಾರ ಕೇಳಿಸಿಕೊಂಡಿದ್ದರು.

ಕೆಲವು ವರ್ಷಗಳ ನಂತರ, ರಜೆ ಮುಗಿಸಿ ಬಂದವರೊಬ್ಬರು ಅಲ್ ಮನ್ಸೂರಾದ ಹೋಟೆಲಿನಲ್ಲಿ ಸಿಕ್ಕಾಗ, ಕಾಕಾ ಹೋದರೆಂದು ತಿಳಿಯಿತು. ಹೋಗಿಯೇ ಬಹಳ ದಿನವಾಗಿತ್ತಂತೆ. ಅತ್ತು ಹಗುರಾಗೋಣವೆಂದರೆ, ಶುಕ್ರವಾರದ ಆ ಮಂದಿಯೆಲ್ಲ ಚದುರಿಹೋಗಿ, ಅವರನ್ನು ಹತ್ತಿರದಿಂದ ಬಲ್ಲವರೆಂದು ದೋಹಾದಲ್ಲಿ ಉಳಿದದ್ದು ನಾವಿಬ್ಬರೇ.

ಈಗ ನಾವು ದೋಹಾದ ಹೊರವಲಯದ ಅಲ್ ಗರಾಫಾದಲ್ಲಿದ್ದೇವೆ. ಮೊನ್ನೆ ಹುಬ್ಬಳ್ಳಿಯಿಂದ ನಮ್ಮವರ ಅಣ್ಣನ ಮಗ ಫೋನಿಗೆ ಒಂದು ಚಿತ್ರ ಕಳಿಸಿದ. ಹಳೆ ಪುಸ್ತಕ ಕೂಡಿಡುವ ಹುಚ್ಚು ಅವನಿಗೆ. 'ಮೂಳೆಗಳ ಮದುವೆ'ಯ ಮುಖಪುಟ. ಬಾಸಿಂಗ ಕಟ್ಟಿಕೊಂಡ ಅಸ್ಥಿಪಂಜರ, ಪಕ್ಕದಲ್ಲಿ ಆ ಹೆಂಗಸು. ಗೂಬೆ ಇಲ್ಲ, ಹುಣಸೆ ಮರವಿಲ್ಲ. ಕೆಳಗೆ ಬಿಳಿ ಅಕ್ಷರದಲ್ಲಿ ಹೆಸರು. ಪ್ರಕಾಶಕರ ಮನೆದೇವರದು.

ನಮ್ಮವರು ಚಿತ್ರವನ್ನು ದೊಡ್ಡದು ಮಾಡಿ ಆ ಹೆಸರನ್ನು ಮತ್ತೊಮ್ಮೆ ಓದಿದರು. ಆಮೇಲೆ, "ಕಾಕಾನ ಪುಸ್ತಕ ತಗಿ," ಅಂದರು. ಟ್ರಂಕು ತೆರೆದದ್ದು ಅದಕ್ಕೆ. ಮೊಮ್ಮಗಳ ಪೆಟ್ಟಿಗೆಯಿಂದ ಕೆಂಪು ಸ್ಕೆಚ್ ಪೆನ್ನು ಹುಡುಕಿ ತಂದು, ಕಂದು ಹೊದಿಕೆಯ ಮೇಲೆ ಕಾಕಾನ ಹೆಸರನ್ನು ದಪ್ಪಕ್ಷರದಲ್ಲಿ ಬರೆದರು. ಪುಸ್ತಕವನ್ನು ಕಪಾಟಿನಲ್ಲಿ, ಬಂದವರಿಗೆ ಕಾಣುವ ಹಾಗೆ ನಿಲ್ಲಿಸಿದ್ದೇನೆ. ಹೆಸರು ಬಾಗಿಲಿನಿಂದಲೇ ಕಾಣುತ್ತದೆ. ನೋಡಬೇಕಾದವರು ಇಲ್ಲ.