ಮೇಸ್ತ್ರಿ ಬರೆಸಿಕೊಟ್ಟ ಕಾಗದ

ಬೈಕಿನಲ್ಲಿ ಒಬ್ಬನೇ ಆಫ್ರಿಕ ದಾಟುವುದು ನನ್ನಿಂದ ಆಗದು ಎಂದು ಮೊದಲು ಹೇಳಿದವರು ಸುರತ್ಕಲ್ ಹತ್ತಿರದ ಕಾಟಿಪಳ್ಳದ ನಮ್ಮ ಗ್ಯಾರೇಜಿನ ಮೇಸ್ತ್ರಿ. ಅವರ ಬಲಗಿವಿಯ ಸುತ್ತ ಯಾವಾಗಲೂ ಕಪ್ಪು ಗ್ರೀಸಿನ ಒಂದು ಬಳೆ ಇರುತ್ತಿತ್ತು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಸದ್ದು ಕೇಳುವವರು. ಅವತ್ತೂ ಹಾಗೆ ಕೇಳುತ್ತಲೇ ಹೇಳಿದರು: “ಎಂಜಿನ್ ಅಲ್ಲಿವರೆಗೆ ಹೋದೀತು. ನೀನು ಹೋಗ್ಲಿಕ್ಕಿಲ್ಲ. ಚೈನಿಗೆ ಆಯಿಲ್ ಹಾಕ್ಲಿಕ್ಕೆ ನೆನಪಿಲ್ಲ ನಿನಗೆ, ಮಾರಾಯ.”

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ತಾಯಿ ಬೀಡಿ ಕಟ್ಟಿ, ತಂದೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತು ನನ್ನನ್ನು ಬಿಎಸ್ಸಿ ಓದಿಸಿದರು. ಈಗ ಮಂಗಳೂರಿನ ಫಳ್ನೀರಿನ ಲ್ಯಾಬೊಂದರಲ್ಲಿ ಕೆಲಸ. ಅದರ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ಮೇಸ್ತ್ರಿ ಓದಿದ್ದು ಮೂರನೇ ಕ್ಲಾಸು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಏ ಡಿಗ್ರಿ” ಎಂದೇ ಕರೆಯುವುದು. ಎರಡು ವರ್ಷ ಪ್ರತಿ ಭಾನುವಾರ ಅವರ ಬಳಿ ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿತೆ. ನೆಲಕ್ಕೆ ಪೇಪರ್ ಹಾಸಿ, ಬಿಚ್ಚಿದ ಕ್ರಮದಲ್ಲೇ ಬೋಲ್ಟುಗಳನ್ನು ಸಾಲಾಗಿ ಇಡಬೇಕು. ನಾನು ಬಗ್ಗಿ ಸುದ್ದಿ ಓದುತ್ತಿದ್ದರೆ, “ಅದು ಓದ್ಲಿಕ್ಕೆ ಹಾಸಿದ್ದಲ್ಲ” ಎನ್ನುತ್ತಿದ್ದರು.

ಬದಲಾಯಿಸಿದ ಹಳೆಯ ಭಾಗವನ್ನು ಅವರು ಎಸೆಯುತ್ತಿರಲಿಲ್ಲ. ಬೈಕಿನ ನಂಬರಿನ ಚೀಟಿ ಕಟ್ಟಿ ಅಟ್ಟದ ಮೇಲಿಡುವರು. ಗುಜರಿಗೆ ಬಂದ ಬೈಕುಗಳ ಕಾಗದಪತ್ರವೂ ಅಲ್ಲೇ. “ಒಡೆದು ಹೋದದ್ದಕ್ಕೂ ಒಬ್ಬ ಮಾಲೀಕ ಇರ್ತಾನಲ್ಲ?”

ಹೊರಡುವ ಹಿಂದಿನ ವರ್ಷ ಚಾರ್ಮಾಡಿ ಘಾಟಿಯಲ್ಲಿ ಕಲ್ಲು ಬಡಿದು ನನ್ನ ಎಂಜಿನ್ನಿನ ಕೇಸ್, ಅಂದರೆ ಹೊರಕವಚ, ಒಡೆಯಿತು. ಮೇಸ್ತ್ರಿ ಅದೇ ಮಾದರಿಯ ಒಂದು ಗುಜರಿ ಬೈಕಿನ ಕೇಸ್ ಕೂರಿಸಿದರು. “ಎಂಜಿನ್ ನಂಬರ್ ಇರುವುದು ಈ ಕೇಸಿನ ಮೇಲೆ. ಈಗ ನಂಬರ್ ಬೇರೆ ಆಯ್ತು. ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಬರೆಸು. ಅದು ನನ್ನ ಕೆಲಸ ಅಲ್ಲ, ಡಿಗ್ರಿಯ ಕೆಲಸ.”

ಹೂಂ ಎಂದೆ. ಮರೆತೆ. ಬೈಕನ್ನು ದೇಶದಿಂದ ದೇಶಕ್ಕೆ ದಾಟಿಸಲು ಕಾರ್ನೆ ಎಂಬ ಪುಸ್ತಕ ಬೇಕು. ಅದರ ಅರ್ಜಿಯನ್ನು, ಬೈಕಿನ ಕಡೆ ತಿರುಗಿಯೂ ನೋಡದೆ, ಆರ್‌ಸಿ ನೋಡಿ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ತುಂಬಿದೆ.

ಬೈಕನ್ನು ಹಡಗಿನಲ್ಲಿ ಕಳಿಸಿ ಹೊರಟೆ. ಕೀನ್ಯಾ, ತಾಂಜಾನಿಯಾಗಳಲ್ಲಿ ಚಾಸಿಸ್ ನಂಬರ್ ನೋಡಿ ಬಿಟ್ಟರು. ಜಾಂಬಿಯಾದ ಗಡಿಯಲ್ಲಿ ಕಸ್ಟಮ್ಸ್ ಅಧಿಕಾರಿ ಮಂಡಿಯೂರಿ, ಎಂಜಿನ್ನಿನ ಮಣ್ಣು ಒರೆಸಿ, ಟಾರ್ಚು ಬಿಟ್ಟ. ಪುಸ್ತಕದ ನಂಬರ್ ಒಂದು, ಎಂಜಿನ್ನಿನದು ಇನ್ನೊಂದು. ಒಂದು ವಾರ ಬೈಕು ಯಾರ್ಡಿನಲ್ಲಿರುತ್ತದೆ, ಅಷ್ಟರೊಳಗೆ ಸರಿಯಾದ ಕಾಗದ ಬರದಿದ್ದರೆ ಜಪ್ತಿ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೇಸ್ತ್ರಿಗೆ ಫೋನ್ ಮಾಡಿದೆ. ‘ನಾನು ಆವತ್ತೇ ಹೇಳಿರ್ಲಿಲ್ವಾ’ ಎಂಬ ಮಾತಿಗೆ ಕಾದೆ. ಅವರು ಕೇಳಿದ್ದು: “ಬೈಕ್ ನೆರಳಲ್ಲಿ ಉಂಟಾ?”

“ಉಂಟು.”

“ಹಾಗಾದ್ರೆ ಫೋನ್ ಇಡು.”

ಗ್ಯಾರೇಜಿಗೆ ಬಾಗಿಲು ಹಾಕಿ, ಒಡೆದ ಹಳೆಯ ಕೇಸನ್ನು ಸಿಮೆಂಟ್ ಚೀಲದಲ್ಲಿ ಹೊತ್ತು, ಗುಜರಿ ಬೈಕಿನ ಕಾಗದ ಹಿಡಿದು ಬಸ್ಸಿನಲ್ಲಿ ಆರ್‌ಟಿಒಗೆ ಹೋದರಂತೆ. ಮೂರು ದಿನ ಹೋದರು. ಆರನೆಯ ದಿನ ನನ್ನ ಫೋನಿಗೆ ಮೂರು ಪುಟ ಬಂತು. ತಿದ್ದಿದ ಆರ್‌ಸಿ, ಅದನ್ನು ನೋಡಿ ಕಾರ್ನೆ ಕೊಟ್ಟ ಸಂಸ್ಥೆ ಬರೆದ ಪತ್ರ, ಮತ್ತೆ ಯಾರಿಂದಲೋ ಬರೆಸಿದ ಒಂದು ಕನ್ನಡ ಹೇಳಿಕೆ: “ಎಂಜಿನ್ ಕೇಸ್ ಬದಲಾಯಿಸಿದ್ದು ನಾನು. ನಂಬರ್ ಬೇರೆಯೆಂದು ಮಾಲೀಕನಿಗೆ ತಿಳಿಸಿರುವುದಿಲ್ಲ. ತಪ್ಪು ನನ್ನದು.” ಕೆಳಗೆ ಅವರ ಸೊಟ್ಟ ಸಹಿ.

ಒಂದು ಬೋಲ್ಟು ಸಡಿಲ ಬಿಟ್ಟರೆಂದು ಇಡೀ ಸುರತ್ಕಲ್‌ನಲ್ಲಿ ಯಾರೂ ಹೇಳಲಾಗದ ಮನುಷ್ಯ. ಅವರು ಆಡಿದ ಸುಳ್ಳೆಂದರೆ ನನಗೆ ಗೊತ್ತಿರುವುದು ಅದೊಂದೇ.

ಮೂರನೆಯ ಪುಟ ಏನೆಂದು ಅಧಿಕಾರಿ ಕೇಳಿದ. ನನ್ನ ಮೆಕ್ಯಾನಿಕ್ ಬರೆದದ್ದು ಎಂದೆ. ಮುದ್ರೆ ಒತ್ತಿದ. ಗಡಿ ದಾಟಿದವನೇ ಫೋನ್ ಮಾಡಿ, “ಮೇಸ್ತ್ರಿ, ನೀವು ನನಗೆ ಹೇಳಿದ್ರಲ್ಲ...” ಎಂದು ಶುರುಮಾಡಿದೆ.

“ಚೈನಿಗೆ ಆಯಿಲ್ ಹಾಕಿದ್ಯಾ?” ಎಂದು ಮಾತು ಕಡಿದರು.

ನಾನು ಕೇಪ್‌ಟೌನ್ ಮುಟ್ಟಿದೆ. ಊರು ಮುಟ್ಟುವ ಹೊತ್ತಿಗೆ ಅವರಿರಲಿಲ್ಲ, ಹೃದಯಾಘಾತ. ಹಡಗಿನಲ್ಲಿ ಬೈಕು ಬಂದಾಗ ಕಸ್ಟಮ್ಸ್‌ನವರು ವಾಹನ ಮರಳಿದೆಯೆಂಬ ಸರ್ಟಿಫಿಕೇಟು ಕೊಟ್ಟರು, ಹೊಸ ಎಂಜಿನ್ ನಂಬರ್ ಸಮೇತ. ಅದರ ಒಂದು ಪ್ರತಿಯನ್ನು ಮೇಸ್ತ್ರಿಯ ಹೆಂಡತಿಯ ಕೈಗೆ ಕೊಟ್ಟು, ನಡೆದದ್ದನ್ನು ಹೇಳಿದೆ. ಮೇಸ್ತ್ರಿ ಎಚ್ಚರಿಸಿದ್ದರು, ಮರೆತವನು ನಾನು ಎಂದೆ.

ಆಕೆ ಕಾಗದವನ್ನು ಮಡಿಸದೆ ಹಿಡಿದುಕೊಂಡೇ ಇದ್ದರು.

“ಆ ಮೂರು ದಿನ ನಾನು ಅವರಿಗೆ ಬೈದದ್ದೇ ಬೈದದ್ದು,” ಎಂದರು. “ಹುಡುಗನಿಗೆ ನಂಬರ್ ವಿಷಯ ಹೇಳದೆ ಹಾಗೇ ಕಳಿಸಿದ್ರಲ್ಲ ಅಂತ. ಒಂದು ಮಾತು ತಿರುಗಿ ಹೇಳ್ಲಿಲ್ಲ ನೋಡು.”